ಕಾಲಿಗೆ ದಮ್ಮಿದೆ, ಖುಷಿ ಮಾತ್ರ 200ಕ್ಕೇ ಮುಗೀತು – ನಿಮಗೂ ಹೀಗಾಗುತ್ತಾ?

ನಿಧಾನಸವಾರ

ಎಲ್ಲರಿಗೂ ನಮಸ್ಕಾರ. ಸೈಕಲ್‌ನಲ್ಲಿ ದೂರದ ಸವಾರಿ ಮಾಡುವವರು ಇಲ್ಲಿ ತುಂಬಾ ಜನ ಇದ್ದೀರಿ. ಒಂದು ವಿಷಯ ತಲೆ ಕೊರೆಯುತ್ತಿದೆ, ಕೇಳಿಯೇ ಬಿಡೋಣ ಅನ್ನಿಸಿತು.

100 ಕಿ.ಮೀ. ಹೋಗಿ ಬಂದರೆ ನನಗೆ ಇಡೀ ವಾರ ಮನಸ್ಸು ಹಗುರ. 150 ಆದರೆ ಸುಸ್ತಾಗುತ್ತದೆ, ಆದರೆ ಅದು ಹಿತವಾದ ಸುಸ್ತು. ಈಚೆಗೆ 300ರ ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ 300 ಕಿ.ಮೀ. ಸವಾರಿ, ಮುಗಿಸಿದೆ. 20 ಗಂಟೆಯ ಮಿತಿ, ಅದರೊಳಗೇ ಬಂದೆ. ಪಂಕ್ಚರ್ ಇಲ್ಲ, ಮಳೆ ಇಲ್ಲ, ಕಾಲು ಹಿಡಿದುಕೊಳ್ಳಲಿಲ್ಲ. ದೂರುವುದಕ್ಕೆ ಏನೂ ಇಲ್ಲ. ಆದರೂ 200 ದಾಟಿದ ಮೇಲೆ ಖುಷಿ ಅನ್ನುವುದು ಪತ್ತೆಯೇ ಇರಲಿಲ್ಲ.

ಮೀಟರ್ 212.3 ತೋರಿಸುತ್ತಿತ್ತು. ಇನ್ನು ನೋಡಲೇಬಾರದು ಅಂತ ರಸ್ತೆ ಬದಿಯ ಮರ ಎಣಿಸಿದೆ. ಒಂದು ಹಾಡು ಗುನುಗಿದೆ. ಮನೆಯ ಯಾವುದೋ ಕೆಲಸ ನೆನಪಾಗಿ ಅದನ್ನೂ ಯೋಚಿಸಿದೆ. ಬೇಕಾದಷ್ಟು ಹೊತ್ತಾಯಿತು ಅಂತ ಮತ್ತೆ ನೋಡಿದರೆ 212.9. ಸಂಜೆಯ ಬೆಳಕು ಬಯಲಿನ ಮೇಲೆ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಇಳಿದು ನಿಂತು ನೋಡುತ್ತಿದ್ದೆ. ಅವತ್ತು ಕತ್ತಲಾಗುವುದರೊಳಗೆ ಎಷ್ಟು ದೂರ ಸಾಗಬಹುದು ಅನ್ನುವ ಲೆಕ್ಕ ಬಿಟ್ಟರೆ ಬೇರೇನೂ ತಲೆಗೆ ಹೋಗಲಿಲ್ಲ.

ಶಕ್ತಿಯ ಮಿತಿ ತರಬೇತಿಯಿಂದ ಹೆಚ್ಚುತ್ತದೆ, ಅದು ಗೊತ್ತು. ಖುಷಿಯ ಮಿತಿಯೂ ಹಾಗೆ ಹೆಚ್ಚುತ್ತದಾ? ಅಥವಾ ಅದು ಅವರವರ ಸ್ವಭಾವಾನಾ? 400ಕ್ಕೆ ಹೆಸರು ಕೊಡಬೇಕಾ ಬೇಡವಾ ಅನ್ನುವುದು ಇದರ ಮೇಲೆ ನಿಂತಿದೆ.

ಚೈನೆಣ್ಣೆ

"ಖುಷಿ ಹೋಯಿತು" ಅಂದರೆ ನಮಗೇನೂ ಗೊತ್ತಾಗುವುದಿಲ್ಲ ಸರ್. ಎಲ್ಲಿ ನೋಯುತ್ತಿತ್ತು ಹೇಳಿ. ಸೈಕಲ್ ನಿಮ್ಮ ಮೈಗೆ ತಾಗುವುದು ಮೂರೇ ಕಡೆ: ಕೈ, ಸೀಟು, ಪಾದ. ಜೊತೆಗೆ ಕತ್ತು ಸೇರಿಸಿಕೊಳ್ಳಿ. ಇವುಗಳಲ್ಲಿ ಮೊದಲು ಗಲಾಟೆ ಶುರು ಮಾಡಿದ್ದು ಯಾವುದು? ಎಷ್ಟನೇ ಕಿಲೋಮೀಟರ್‌ನಲ್ಲಿ?

ಟೈರು ಎಷ್ಟು ಅಗಲ, ಗಾಳಿ ಎಷ್ಟು ಹಾಕಿದ್ದಿರಿ, ಅದನ್ನೂ ಹೇಳಿ.

ತರ್ಲೆಪೆಡಲ್

ದುಡ್ಡು ಕೊಟ್ಟು ಹೆಸರು ನೋಂದಾಯಿಸಿ, ಬೆಳಗಿನ ಜಾವ ಎದ್ದು, 300 ಕಿ.ಮೀ. ತುಳಿದು, ಆಮೇಲೆ "ಖುಷಿ ಯಾಕೆ ಬರಲಿಲ್ಲ" ಅಂತ ಕೇಳುವ ಜನ ನಾವೇ ಇರಬೇಕು.

ನಿಧಾನಸವಾರ

@ಚೈನೆಣ್ಣೆ, ಮೊದಲು ಕೈ. 130ರ ಸುಮಾರಿಗೆ ಉಂಗುರದ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿದವು. ಕೈ ಒದರಿದರೆ ಸರಿಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ರಾತ್ರಿ ಹೊತ್ತಿಗೆ ತಿಂಡಿಯ ಪೊಟ್ಟಣ ಹರಿಯಲೂ ಆಗದೆ ಹಲ್ಲಿನಿಂದ ಕಿತ್ತೆ. ಗೇರು ಬದಲಿಸಲು ಬೆರಳಿನ ಬದಲು ಅಂಗೈಯಿಂದಲೇ ಲಿವರ್ ತಳ್ಳುತ್ತಿದ್ದೆ. ಆಮೇಲೆ ಸೀಟಿನ ಕಥೆ. 180ರಿಂದ ಪ್ರತಿ ಐದು ನಿಮಿಷಕ್ಕೊಮ್ಮೆ ಎದ್ದು ನಿಲ್ಲುವುದು, ಕೂರುವುದು. ಮತ್ತೆ ಕೂರುವಾಗ ಬರುತ್ತದಲ್ಲ, ಆ ಮೊದಲ ಕ್ಷಣ, ಅದು ಬೇಡವೇ ಬೇಡ.

ಟೈರು 25 ಮಿ.ಮೀ., ಕಲ್ಲಿನಂತೆ ಗಟ್ಟಿಯಾಗಿ ಗಾಳಿ ಹಾಕುವ ಅಭ್ಯಾಸ.

ಚೈನೆಣ್ಣೆ

ಸಿಕ್ಕಿತು ನೋಡಿ. ನಿಮ್ಮ ಖುಷಿಯನ್ನು ಅರ್ಧ ತಿಂದಿದ್ದು ನಿಮ್ಮ ಸೈಕಲ್ಲೇ.

ಆ ಎರಡು ಬೆರಳಿಗೆ ಹೋಗುವ ಅಲ್ನರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯಿಂದ ಹಾದುಹೋಗುತ್ತದೆ. ಭಾರವೆಲ್ಲ ಅಲ್ಲಿಗೆ ಬಿದ್ದು, ಮೇಲಿಂದ ರಸ್ತೆಯ ಅದುರು ಗಂಟೆಗಟ್ಟಲೆ ಬಡಿದರೆ ನರ ಒತ್ತಿಹೋಗುತ್ತದೆ. ಸೈಕಲ್ ಹೊಡೆಯುವವರಲ್ಲಿ ಇದು ಎಷ್ಟು ಮಾಮೂಲಿ ಅಂದರೆ ವೈದ್ಯರು ಇದಕ್ಕೆ ಸೈಕಲ್ ಸವಾರರ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋಮು ಒಂದೆರಡು ದಿನದಲ್ಲಿ ಹೋದರೆ ಸರಿ. ವಾರ ಕಳೆದರೂ ಹಿಡಿತ ಬರದಿದ್ದರೆ ವೈದ್ಯರಿಗೆ ತೋರಿಸಿ.

ದಪ್ಪ ಗ್ಲೌಸ್ ಕೊಂಡು ಸುಮ್ಮನಾಗುವವರೇ ಜಾಸ್ತಿ. ಅದಕ್ಕೂ ಮೊದಲು ಕೈ ಮೇಲೆ ಅಷ್ಟು ಭಾರ ಯಾಕೆ ಬೀಳುತ್ತಿದೆ ಅಂತ ನೋಡಬೇಕು. ಸೀಟಿನ ಮೂತಿ ಒಂಚೂರು ಕೆಳಗೆ ಬಾಗಿದೆಯಾ? ಹಾಗಿದ್ದರೆ ನೀವು ಇಡೀ ದಿನ ಮುಂದಕ್ಕೆ ಜಾರುತ್ತಿರುತ್ತೀರಿ, ಜಾರದಂತೆ ತಡೆಯುವುದು ಕೈಗಳ ಕೆಲಸವಾಗುತ್ತದೆ. ಸೀಟು ಸಮತಟ್ಟು ಮಾಡಿ. ಹ್ಯಾಂಡಲ್ ದೂರವಾದರೆ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಹಿಡಿದಿಡುವ ತುಂಡು) ಹಾಕಿಸಿ, ತಗ್ಗಿದ್ದರೆ ಏರಿಸಿ. ಸೀಟು ಜಾಸ್ತಿ ಎತ್ತರವಿದ್ದರೆ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ಆಡುತ್ತದೆ. ಸೀಟಿನ ಉಜ್ಜುಗಾಯ ಶುರುವಾಗುವುದು ಎಷ್ಟೋ ಸಲ ಅಲ್ಲಿಂದಲೇ. ಹಿಂದೆ ಬರುವ ಗೆಳೆಯರನ್ನು ಕೇಳಿ, ಸೊಂಟ ಆಡುತ್ತಿದೆಯಾ ಅಂತ. ನಮಗೆ ನಾವೇ ಕಾಣುವುದಿಲ್ಲ.

ಟೈರು 30 ಅಥವಾ 32ಕ್ಕೆ ಬದಲಿಸಿ, ಫ್ರೇಮಿನಲ್ಲಿ ಜಾಗ ಇದ್ದರೆ. ಗಾಳಿ ಕಡಿಮೆ ಹಾಕಿ. ಕಲ್ಲಿನಂಥ ಟೈರು ವೇಗ ಅಂತ ಅನ್ನಿಸುತ್ತದೆ, ಯಾಕೆಂದರೆ ಅದು ಕೈಗೆ ಬಡಿಯುತ್ತದೆ. ಒರಟು ರಸ್ತೆಯಲ್ಲಿ ಆ ಬಡಿತಕ್ಕೆ ಹೋಗುವುದೆಲ್ಲ ನೀವು ತುಳಿದ ಶಕ್ತಿಯೇ.

ಚಡ್ಡಿಯ ಪ್ಯಾಡಿನ ಬಗ್ಗೆ ಒಂದೇ ಮಾತು: ಅದರೊಳಗೆ ಬೇರೆ ಒಳಉಡುಪು ಹಾಕಬೇಡಿ. ಕ್ರೀಮ್ ಮೊದಲೇ ಹಚ್ಚಿಕೊಳ್ಳಿ, ಉರಿ ಶುರುವಾದ ಮೇಲೆ ಅಲ್ಲ.

ಹೊಸಬೆಲ್

ನಾನು ಹೊಸಬಳು, ಇನ್ನೂ 100 ಮುಟ್ಟಿಲ್ಲ. ಇದೆಲ್ಲ ಓದಿ ಭಯವಾಗುತ್ತಿದೆ. ನನಗೆ ಪಾದ ಉರಿಯುತ್ತದೆ, ಬೆರಳುಗಳ ಹಿಂದಿನ ದಪ್ಪ ಭಾಗದಲ್ಲಿ, ಕೆಂಡ ಮೆಟ್ಟಿದ ಹಾಗೆ. ಅದೂ ಹೀಗೇನಾ?

ಚೈನೆಣ್ಣೆ

ಬಿಸಿಲಲ್ಲಿ, ತುಂಬಾ ಹೊತ್ತು ತುಳಿದಾಗ ಪಾದ ಊದಿಕೊಳ್ಳುತ್ತದೆ ಅಕ್ಕ. ಬೆಳಿಗ್ಗೆ ಸರಿಯಾಗಿದ್ದ ಶೂ ಮಧ್ಯಾಹ್ನ ಬಿಗಿ. ಮುಂಭಾಗದ ಪಟ್ಟಿ ಸಡಿಲ ಮಾಡಿ, ತೆಳು ಕಾಲುಚೀಲ ಹಾಕಿ. ಕ್ಲೀಟ್ (ಶೂ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ತುಂಡು) ಇದ್ದರೆ ಸ್ವಲ್ಪ ಹಿಂದಕ್ಕೆ, ಹಿಮ್ಮಡಿ ಕಡೆಗೆ ಸರಿಸಿ. ದೂರ ಹೋಗುವವರು ಶೂ ಅರ್ಧ ಸೈಜು ದೊಡ್ಡದೇ ಕೊಳ್ಳುವುದು.

ಲೆಕ್ಕದವ

ಚೈನೆಣ್ಣೆಯವರು ಸ್ಪ್ಯಾನರ್ ಹಿಡಿದರೆ ಎಲ್ಲ ರೋಗಕ್ಕೂ ಸೈಕಲ್ಲೇ ಕಾರಣ. ನಾನು ಹೊಟ್ಟೆಯ ಕಡೆಯಿಂದ ಬರುತ್ತೇನೆ.

ಮೈಯಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ. ಒಟ್ಟು 2000 ಕ್ಯಾಲೊರಿ ಅಂದುಕೊಳ್ಳಿ. ಜೋರಾಗಿ ತುಳಿದರೆ ಎರಡು ಗಂಟೆಯಲ್ಲಿ ಇದರ ದೊಡ್ಡ ಪಾಲು ಖಾಲಿ. ಕೊಬ್ಬು ಎಲ್ಲರಲ್ಲೂ ಧಾರಾಳವಾಗಿದೆ, ಆದರೆ ಅದು ನಿಧಾನವಾಗಿ ಉರಿಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ತಿನ್ನುತ್ತಿರಬೇಕು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಮಾನ್ಯ ಅಳತೆ. ಗ್ಲೂಕೋಸ್, ಫ್ರುಕ್ಟೋಸ್ ಎರಡೂ ಸೇರಿದ ಸಿಹಿಯಾದರೆ, ರೂಢಿ ಮಾಡಿಕೊಂಡವರು 90ರವರೆಗೂ ಅರಗಿಸಿಕೊಳ್ಳುತ್ತಾರೆ.

ಸಕ್ಕರೆ ಇಳಿದರೆ ಮೊದಲು ಕೆಡುವುದು ಎಷ್ಟೋ ಜನರಿಗೆ ಕಾಲಲ್ಲ, ತಲೆ. "ಯಾಕಾದರೂ ಬಂದೆನೋ", "ಈ ರಸ್ತೆ ಮಾಡಿದವನಿಗೆ ಬುದ್ಧಿ ಇಲ್ಲ", "ಮುಂದೆ ಹೋಗುತ್ತಿರುವವನ ಬೆನ್ನು ನೋಡಿದರೇ ಸಿಟ್ಟು" – ಇಂಥ ಯೋಚನೆ ಶುರುವಾದರೆ ತತ್ವಚಿಂತನೆ ಬಿಟ್ಟು ಏನಾದರೂ ಬಾಯಿಗೆ ಹಾಕಿ. ಬಾಯಿಗೆ ಹಾಕಿದ ಮಾತ್ರಕ್ಕೇ ಮಿದುಳಿಗೆ ಸುದ್ದಿ ಹೋಗುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸವಾರರಿಗೆ ಕಾರ್ಬೋಹೈಡ್ರೇಟ್ ನೀರು ಕೊಟ್ಟು, ಬಾಯಿ ಮುಕ್ಕಳಿಸಿ ಉಗುಳಲು ಹೇಳಿದರು. ಹೊಟ್ಟೆಗೆ ಏನೂ ಹೋಗಲಿಲ್ಲ. ಆದರೂ ಸುಮಾರು ಒಂದು ಗಂಟೆಯ ಸವಾರಿಯನ್ನು ಅವರು ಬೇಗ ಮುಗಿಸಿದರು.

ಇನ್ನು ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ಇಳಿದರೆ ತಲೆನೋವು, ವಾಕರಿಕೆ, ಮಂಕು. ಬಾಯಾರಿದಷ್ಟು ಕುಡಿಯಿರಿ, ಜೊತೆಗೆ ಉಪ್ಪಿರುವುದನ್ನು ತಿನ್ನಿ.

ನಿಧಾನಸವಾರರೇ, 200ರ ಹೊತ್ತಿಗೆ ಏನು ತಿನ್ನುತ್ತಿದ್ದಿರಿ? ಎದುರುಗಾಳಿ ಇತ್ತಾ?

ನಿಧಾನಸವಾರ

ತಿಂದಿದ್ದೆ. ಸಿಹಿ ನೋಡಿದರೆ ಹೊಟ್ಟೆ ತೊಳೆಸುವ ಹಂತ ಬಂದಾಗ ಖಾರ, ಉಪ್ಪಿಗೆ ಬದಲಾಯಿಸಿದೆ. 240ರಲ್ಲಿ ನಿಂತು ಬಿಸಿ ಊಟ ಮಾಡಿದ ಮೇಲೆ ಒಂದಷ್ಟು ಹೊತ್ತು ಕಾಲು ಮತ್ತೆ ತಿರುಗಿದವು. ವೇಗ ಬಂತು, ಸಿಟ್ಟು ಹೋಯಿತು. ಆದರೆ ಖುಷಿ ಬಂತು ಅಂತ ಹೇಳಲಾರೆ.

ಗಾಳಿ ಇತ್ತು. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ.

ಲೆಕ್ಕದವ

ಎಷ್ಟೋ ಜನ ಹೇಳುವುದುಂಟು, ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಅಂತ. ಹೋಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ಇನ್ನೂ ಬೇಗ ಏರುತ್ತದೆ. ಗಾಳಿಯೇ ಇಲ್ಲದ ದಿನ 20ರಿಂದ 25 ಕಿ.ಮೀ. ವೇಗಕ್ಕೆ ಹೋಗಲು ಗಾಳಿಯ ವಿರುದ್ಧ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ಈಗ ಎದುರಿನಿಂದ 15 ಕಿ.ಮೀ. ಗಾಳಿ ಬೀಸುತ್ತಿದೆ, ನೀವು ಹಟಕ್ಕೆ ಬಿದ್ದು 20ರಲ್ಲೇ ಹೋಗುತ್ತೇನೆ ಅಂದರೆ, ಗಾಳಿಗಾಗಿ ಖರ್ಚಾಗುವ ಶಕ್ತಿ ಮೂರು ಪಟ್ಟು. ಮೇಲಾಗಿ ಎದುರುಗಾಳಿಯಲ್ಲಿ ನಿಧಾನವಾಗುವುದರಿಂದ ಅದರಲ್ಲಿ ಕಳೆಯುವ ಸಮಯವೇ ಜಾಸ್ತಿ.

ಏರು ಕಣ್ಣಿಗೆ ಕಾಣುತ್ತದೆ, ಮುಗಿಯುವುದೂ ಕಾಣುತ್ತದೆ. ಗಾಳಿಗೆ ತುದಿ ಇಲ್ಲ. ಮನಸ್ಸು ಕುಗ್ಗಿಸುವುದರಲ್ಲಿ ನನ್ನ ಪ್ರಕಾರ ಅದೇ ಮೊದಲು.

ತರ್ಲೆಪೆಡಲ್

ಗಾಳಿಯ ದಿನ ನಾನು ಯಾವಾಗಲೂ ನಿಮ್ಮಂಥ ಅಗಲ ಬೆನ್ನಿನವರ ಹಿಂದೆ ಇರುತ್ತೇನೆ ಲೆಕ್ಕದವರೇ. ಫಿಸಿಕ್ಸ್ ನನಗೂ ಅಷ್ಟು ಗೊತ್ತು.

ರಾತ್ರಿದೀಪ

ಎಲ್ಲ ಸರಿ. ಸೀಟು, ಸಕ್ಕರೆ, ಗಾಳಿ ಎಲ್ಲವೂ ಸರಿ. ಆದರೆ ನಿಧಾನಸವಾರರು ಕೇಳಿದ ಪ್ರಶ್ನೆ ಅದಲ್ಲ ಅನ್ನಿಸುತ್ತಿದೆ. ಅವರಿಗೆ ಬಿಸಿ ಊಟದ ಮೇಲೂ ಖುಷಿ ಬರಲಿಲ್ಲ ಅಂತ ಹೇಳಿದರಲ್ಲ, ಅಲ್ಲಿ ನಿಲ್ಲೋಣ.

ನಾನು 600ರವರೆಗೆ ಹೋಗುತ್ತಿರುತ್ತೇನೆ. 40 ಗಂಟೆಯ ಮಿತಿ, ಅಂದರೆ ಒಂದು ಇಡೀ ರಾತ್ರಿ, ಎಷ್ಟೋ ಜನರಿಗೆ ಎರಡನೆಯದರ ಒಂದು ತುಂಡು. ನನ್ನ ಅನುಭವದಲ್ಲಿ ಖುಷಿ ಒಂದು ಕಿಲೋಮೀಟರ್‌ನಲ್ಲಿ ಮುಗಿದುಹೋಗುವ ವಸ್ತು ಅಲ್ಲ. ಹೋಗುತ್ತದೆ, ಕೇಳದೆಯೇ ವಾಪಸ್ ಬರುತ್ತದೆ. 200ರಿಂದ 280 ನನಗೂ ಬಹಳ ಸಲ ಬರಡು. ಹಗಲಿನ ಉತ್ಸಾಹ ಮುಗಿದಿರುತ್ತದೆ, ರಾತ್ರಿಯ ಲಯ ಇನ್ನೂ ಸಿಕ್ಕಿರುವುದಿಲ್ಲ, ಉಳಿದ ದೂರ ಮಾತ್ರ ಗುಡ್ಡದಷ್ಟು. ಹತ್ತು ಗಂಟೆಯ ಹೊತ್ತಿಗೆ ಟ್ರಾಫಿಕ್ ನಿಲ್ಲುತ್ತದೆ. ದೀಪದ ಬೆಳಕು ಬಿದ್ದಷ್ಟೇ ರಸ್ತೆ, ಏರು ಎಷ್ಟಿದೆ ಅಂತ ಕಾಣುವುದಿಲ್ಲ, ಕಾಣದ್ದಕ್ಕೆ ಹೆದರುವುದೂ ಇಲ್ಲ. ಆಗ ಮತ್ತೆ ಹಿಡಿಸತೊಡಗುತ್ತದೆ. 300ಕ್ಕೆ ನಿಲ್ಲಿಸಿದವರು ಬರಡು ಭಾಗ ಪೂರ್ತಿ ಅನುಭವಿಸಿ, ಅದರಾಚೆಯದನ್ನು ನೋಡದೆ ಮನೆಗೆ ಹೋಗುತ್ತಾರೆ. ಹೀಗೆ ಹೇಳಿ 400ಕ್ಕೆ ತಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನಗೆ ಹೀಗೆ, ಅಷ್ಟೇ.

ಬೆಳಗಿನ ಜಾವದ ಮಾತೇ ಬೇರೆ. ಎರಡರಿಂದ ಐದು ಗಂಟೆಯವರೆಗೆ ಮೈಯ ಬಿಸಿ ಇಳಿದಿರುತ್ತದೆ, ಎಚ್ಚರವೂ ತಳ ಸೇರಿರುತ್ತದೆ. ರಸ್ತೆ ಬದಿಯ ಪ್ಲಾಸ್ಟಿಕ್ ಚೀಲ ನಾಯಿಯಾಗುತ್ತದೆ. ಕಿಲೋಮೀಟರ್ ಕಲ್ಲು ಕೂತ ಮನುಷ್ಯನಾಗುತ್ತದೆ, ಹತ್ತಿರ ಹೋದರೆ ಮತ್ತೆ ಕಲ್ಲು. ಆ ಹೊತ್ತಿನಲ್ಲಿ ಖುಷಿ ಹುಡುಕಬಾರದು. ಸುರಕ್ಷಿತವಾದ ಜಾಗ ಹುಡುಕಿ ಮಲಗಬೇಕು.

ಹೊಸಬೆಲ್

ರಾತ್ರಿದೀಪ ಮೇಡಂ, ರಸ್ತೆ ಬದಿಯಲ್ಲಿ ಮಲಗುತ್ತೀರಾ? ನಿಜವಾಗಲೂ?

ರಾತ್ರಿದೀಪ

ಬೆಳಕಿರುವ, ಜನರಿರುವ ಕಡೆ. ಕಂಟ್ರೋಲ್‌ನಲ್ಲಿ (ದಾರಿಯಲ್ಲಿ ಹಾಜರಿ ಹಾಕಿಸುವ ತಾಣ) ಜಾಗವಿದ್ದರೆ ಅಲ್ಲೇ. ಒಬ್ಬಳೇ ಹೋಗುವಾಗ ಇದನ್ನೆಲ್ಲ ಹೊರಡುವ ಮೊದಲೇ ಗುರುತು ಮಾಡಿಕೊಂಡಿರುತ್ತೇನೆ, ನಿದ್ದೆ ಬಂದ ಮೇಲೆ ಹುಡುಕುವುದಿಲ್ಲ. ಕಾಫಿ ಕುಡಿದು ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಣ್ಣ ನಿದ್ದೆಯೂ ಆಗಿರುತ್ತದೆ.

ತೂಕಡಿಕೆಯನ್ನು ಹಟದಿಂದ ಗೆಲ್ಲುವ ಮಾತು ಯಾರಾದರೂ ಆಡಿದರೆ ನಂಬಬೇಡಿ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 17 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 300ರ ಬ್ರೆವೆಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ರಾತ್ರಿ ಒಂಬತ್ತಕ್ಕೇ ಅಲ್ಲಿಗೆ ತಲುಪುತ್ತಾರೆ. ಸೈಕಲ್ ಮೇಲೆ, ಲಾರಿಗಳ ಪಕ್ಕದಲ್ಲಿ.

ಲೆಕ್ಕದವ

1891ರ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ರೇಸ್ ಗೆದ್ದ ಚಾರ್ಲ್ಸ್ ಟೆರಾಂ ಸುಮಾರು 1200 ಕಿ.ಮೀ. ದೂರವನ್ನು 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿದ. ಆ ಕಾಲದ ಭಾರದ ಸೈಕಲ್, ಗೇರೂ ಇಲ್ಲ. ಖುಷಿಯಾಯಿತಾ ಅಂತ ಯಾರಾದರೂ ಕೇಳಿದ್ದರೋ ಇಲ್ಲವೋ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಹೆಚ್ಚಿನವರು ಹೋಗುವುದು 90 ಗಂಟೆಯ ಮಿತಿಯ ಗುಂಪಿನಲ್ಲಿ.

ಚೈನೆಣ್ಣೆ

ಇನ್ನೂ ದೂರ ಹೋದರೆ ಕತ್ತೇ ನಿಲ್ಲುವುದಿಲ್ಲ. ಅಮೆರಿಕವನ್ನು ಅಡ್ಡಲಾಗಿ ದಾಟುವ 4800 ಕಿ.ಮೀ. ರೇಸ್ ಇದೆಯಲ್ಲ, 1983ರಲ್ಲಿ ಅದರಲ್ಲಿ ಮೈಕೆಲ್ ಶರ್ಮರ್ ಅನ್ನುವವರ ಕತ್ತಿನ ಸ್ನಾಯುಗಳು ಸೋತು, ತಲೆ ಎತ್ತಲು ಆಗದಂತಾಯಿತು. ಅಲ್ಲಿಂದ ಆ ತೊಂದರೆಗೆ ಅವರದೇ ಹೆಸರು. ಗದ್ದಕ್ಕೆ ಆಸರೆ ಕಟ್ಟಿಕೊಂಡು ತುಳಿದವರೂ ಇದ್ದಾರೆ.

ತರ್ಲೆಪೆಡಲ್

ನಾನು ಒಂದು ಕಹಿ ಮಾತು ಹೇಳಲಾ? ರಾತ್ರಿದೀಪ ಮೇಡಂ ಬೇಜಾರು ಮಾಡಿಕೊಳ್ಳಬಾರದು.

ದೂರದ ಸವಾರರು "ಆಗ ಕಷ್ಟವಾಯಿತು, ಈಗ ನೆನೆದರೆ ಖುಷಿ" ಅನ್ನುತ್ತಾರೆ. ಅದಕ್ಕೊಂದು ಗೌರವದ ಹೆಸರೂ ಇದೆ, ಎರಡನೇ ಬಗೆಯ ಮಜಾ. ನನಗೇನೋ ಇದು ನೆನಪು ಆಡುವ ನಾಟಕ ಅನ್ನಿಸುತ್ತದೆ. ಅಳುತ್ತಾ ತುಳಿದವನು ಮಂಗಳವಾರದ ಹೊತ್ತಿಗೆ ಪದಕದ ಫೋಟೊ ಹಾಕಿ, ಗುರುವಾರ ಮುಂದಿನದಕ್ಕೆ ಹೆಸರು ಕೊಟ್ಟಿರುತ್ತಾನೆ. ಹದಿನೈದು ಗಂಟೆ ಸಂಕಟಪಟ್ಟವನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಸ್ನಾನ ಮಾಡಿ, ಉಂಡು, ಮಲಗಿ ಎದ್ದವನನ್ನು. ಅವನಿಗೇನು ಗೊತ್ತು?

ಲೆಕ್ಕದವ

ಇದಕ್ಕೆ ಪಕ್ಕಾ ಆಧಾರವೇ ಇದೆ ತರ್ಲೆಯವರೇ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ. ಜನ ಒಂದು ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇಡಬೇಕು. ಮತ್ತೊಮ್ಮೆ, ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಹೆಚ್ಚಿನ 30ರಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ. ಆಗಲೂ ತಣ್ಣಗೇ, ನೋವೇ, ಆದರೆ ಒಂಚೂರು ಕಡಿಮೆ. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಒಟ್ಟು ನೋವು ಅದರಲ್ಲೇ ಜಾಸ್ತಿ!

ಅತಿ ಕೆಟ್ಟ ಕ್ಷಣ ಹೇಗಿತ್ತು, ಕೊನೆ ಹೇಗಿತ್ತು, ನೆನಪು ಇವೆರಡನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಹೊತ್ತು ನಡೆಯಿತು ಅನ್ನುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ.

ತರ್ಲೆಪೆಡಲ್

ಅಂದರೆ ಕೊನೆಯ ಹತ್ತು ಕಿ.ಮೀ. ಇಳಿಜಾರು ಇಟ್ಟರೆ ಸಾಕು, ಜನ ಮತ್ತೆ ಬರುತ್ತಾರೆ. ಮಾರ್ಗ ಮಾಡುವವರಿಗೆ ಈ ಗುಟ್ಟು ಮೊದಲೇ ಗೊತ್ತಿರಬೇಕು.

ರಾತ್ರಿದೀಪ

ಬೇಜಾರೇನಿಲ್ಲ ತರ್ಲೆಯವರೇ, ನೀವು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ತಣ್ಣೀರಲ್ಲಿ ಕೈ ಇಟ್ಟವರಿಗೆ ಅದರಿಂದ ಬೇರೇನೂ ಸಿಗಲಿಲ್ಲ. ಸವಾರಿಯಲ್ಲಿ ಸಿಗುತ್ತದೆ. ಮಳೆಯಲ್ಲಿ ಕತ್ತಲಲ್ಲಿ ಒಬ್ಬಳೇ ಟ್ಯೂಬ್ ಬದಲಿಸಿದ್ದು ಆಗ ಖುಷಿ ಕೊಟ್ಟಿತಾ? ಇಲ್ಲ, ಬೈಗುಳವೇ ಬಾಯಲ್ಲಿದ್ದದ್ದು. ಆದರೆ ಅದಾದ ಮೇಲೆ ಬೇರೆ ಎಷ್ಟೋ ವಿಷಯಗಳಿಗೆ ನಾನು ಹೆದರುವುದು ಕಡಿಮೆಯಾಯಿತು. ಆ ಹೊತ್ತಿನಲ್ಲಿ ಹಿಡಿಸಿದ್ದೊಂದೇ ಲೆಕ್ಕಕ್ಕೆ ಬರುವುದಾದರೆ ಸಂಗೀತ ಕಲಿಯುವುದೂ, ಮಕ್ಕಳನ್ನು ಬೆಳೆಸುವುದೂ ಬಹುಪಾಲು ನಷ್ಟದ ವ್ಯವಹಾರವೇ.

ಇದನ್ನು ಖುಷಿ ಅಂತ ಕರೆಯಬೇಡಿ ಅಂದರೆ ಕರೆಯುವುದಿಲ್ಲ. ಆದರೂ ಅದಕ್ಕಾಗಿ ಹೋಗುತ್ತೇನೆ.

ತರ್ಲೆಪೆಡಲ್

ಸರಿ, ಅರ್ಧ ಒಪ್ಪಿದೆ. ಆದರೆ ಅದೊಂದೇ ದಾರಿ ಅಂತ ಹೊಸಬರ ತಲೆಗೆ ತುಂಬುತ್ತಾರಲ್ಲ, ಅದಕ್ಕೆ ನನ್ನ ತಕರಾರು. 200 ಮುಗಿಸಿದವನನ್ನು "ಮುಂದೆ 300 ಯಾವಾಗ" ಅಂತಲೇ ಕೇಳುವುದು. 300 ಆದರೆ 400, ಆಮೇಲೆ 600. ಒಂದೇ ವರ್ಷದಲ್ಲಿ ನಾಲ್ಕೂ ಮುಗಿಸಿದರೆ ಸೂಪರ್ ರಾಂಡೊನ್ಯೂರ್ ಪಟ್ಟ ಬೇರೆ. "200 ಇಷ್ಟವಾಯಿತಾ, ಹಾಗಾದರೆ ಇನ್ನೊಂದು 200 ಹೋಗಿ" ಅಂತ ಯಾರೂ ಹೇಳುವುದಿಲ್ಲ.

ಹೊಸಬೆಲ್

ಇದು ನಿಜ! ನಾನು 60 ಕಿ.ಮೀ. ಹೋಗಿ ಬಂದು ಖುಷಿಯಿಂದ ಹೇಳಿದರೆ, ಗುಂಪಿನವರು "100 ಮಾಡಿದ ಮೇಲೆ ನೋಡು ಮಜಾ" ಅಂದರು. 60ರ ಮಜಾ ಅಲ್ಲೇ ಇಳಿದುಹೋಯಿತು.

ನಿಧಾನಸವಾರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಚೈನೆಣ್ಣೆಯವರು ಹೇಳಿದಂತೆ ಸೀಟು ಅಳೆದು ನೋಡಿದೆ. ಮೂತಿ ಕೆಳಗೆ ಬಾಗಿಯೇ ಇತ್ತು, ಸಮ ಮಾಡಿದೆ. 32ರ ಟೈರಿಗೆ ಫ್ರೇಮಿನಲ್ಲಿ ಜಾಗ ಇಲ್ಲ, 28 ಹಾಕಿಸಿದ್ದೇನೆ. ಹೋದ ಭಾನುವಾರ 160 ಕಿ.ಮೀ. ಹೋಗಿ ಬಂದೆ. ಬೆರಳು ಜೋಮು ಹಿಡಿಯಲಿಲ್ಲ. ಸೀಟು ಸ್ವರ್ಗ ಅಲ್ಲ, ಆದರೆ ಎದ್ದು ಕೂರುವ ಆಟ ನಿಂತಿದೆ. ಹಾಗಾಗಿ 180ರಿಂದ ಆಚೆಗೆ ನನಗೆ ಕಂಡದ್ದರಲ್ಲಿ ಒಂದು ದೊಡ್ಡ ಪಾಲು ಬರೀ ಕಿರಿಕಿರಿ, ಸರಿ ಮಾಡಬಹುದಾದದ್ದು. ಅದಕ್ಕೆ ಬಹಳ ಥ್ಯಾಂಕ್ಸ್.

ಆದರೆ ಅದೆಲ್ಲ ಕಳೆದರೂ ಏನೋ ಉಳಿಯುತ್ತದೆ ಅಂತ ಈ ಸಲ ಗಮನವಿಟ್ಟು ನೋಡಿದಾಗ ಗೊತ್ತಾಯಿತು. ಏಳೆಂಟು ಗಂಟೆ ಆದ ಮೇಲೆ ನನಗೆ ರಸ್ತೆಯ ಮೇಲಿನ ಆಸಕ್ತಿಯೇ ಕಡಿಮೆಯಾಗುತ್ತದೆ. ನೋವಿಲ್ಲ, ಹಸಿವಿಲ್ಲ, ಸುಮ್ನೆ ಸಾಕು ಅನ್ನಿಸುತ್ತದೆ. ಮನೆಗೆ ಹೋಗಿ ಬೇರೆ ಏನಾದರೂ ಮಾಡೋಣ ಅನ್ನಿಸುತ್ತದೆ. ನೋವಾದರೆ ಅಲ್ಲೇ ಸುತ್ತುತ್ತಿರುತ್ತದೆ. ಇದು ಹಾಗಲ್ಲ, ಮನಸ್ಸು ಆಗಲೇ ಎದ್ದು ಹೋಗಿರುತ್ತದೆ, ಮೈ ಮಾತ್ರ ತುಳಿಯುತ್ತಿರುತ್ತದೆ.

ಇನ್ನೊಂದು ಗಮನಿಸಿದ್ದು: ಗಡಿಯಾರ. ಬ್ರೆವೆಯಲ್ಲಿ ಕನಿಷ್ಠ ವೇಗ ನಿಂತ ಸಮಯವೂ ಸೇರಿ ಗಂಟೆಗೆ 15 ಕಿ.ಮೀ. ಕೇಳಲು ಏನೂ ಅಲ್ಲ. ಆದರೆ ನಾನು ನಿಧಾನ, ಹೆಸರೇ ಹೇಳುತ್ತದೆ. ಪ್ರತಿ ನಿಲುಗಡೆಯಲ್ಲೂ ನಿಮಿಷ ಎಣಿಸಬೇಕು. ಆ ಭಾನುವಾರ ಗಡಿಯಾರ ಇರಲಿಲ್ಲ. ಒಂದು ಕೆರೆಯ ಏರಿ ಮೇಲೆ ಬೇಕಾದಷ್ಟು ಹೊತ್ತು ಕೂತಿದ್ದೆ.

ರಾತ್ರಿದೀಪ

ಈಗ ಸಿಕ್ಕಿತು ನಿಮ್ಮ ಸಮಸ್ಯೆ. ಗಡಿಯಾರ ನನಗೆ ಬೆನ್ನು ತಟ್ಟುತ್ತದೆ, ನಿಮಗೆ ಕುತ್ತಿಗೆ ಹಿಡಿಯುತ್ತದೆ. ಇದನ್ನು ತರಬೇತಿಯಿಂದ ಬದಲಿಸಬಹುದು ಅಂತ ನನಗನ್ನಿಸುವುದಿಲ್ಲ. ವೇಗ ಹೆಚ್ಚಿಸಿಕೊಂಡರೆ ಸಮಯ ಉಳಿಯುತ್ತದೆ, ಆತಂಕ ಕಡಿಮೆಯಾಗುತ್ತದೆ, ಅದಷ್ಟು ನಿಜ. ಆದರೆ ಎಂಟು ಗಂಟೆಗೆ ಮನಸ್ಸು ಎದ್ದು ಹೋಗುವವರಿಗೆ 27 ಗಂಟೆಯ 400 ಯಾಕೆ?

ದೂರವೇ ಬೇಕು ಅನ್ನಿಸಿದರೆ ಅದನ್ನು ದಿನಗಳಿಗೆ ಹಂಚಿ. ದಿನಕ್ಕೆ 100ರಂತೆ ನಾಲ್ಕು ದಿನ ಹೋದರೂ 400ರ ದಾರಿಯೇ. ರಾತ್ರಿ ಹಾಸಿಗೆ.

ಚೈನೆಣ್ಣೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸೈಕಲ್ ಸರಿಯಾದ ಮೇಲೆ ಒಂದು 200 ಹೋಗದೆ ತೀರ್ಮಾನ ಮಾಡಬೇಡಿ. ಹಳೆಯ ಸೀಟಿನ ಕೋನ, ಹಳೆಯ ಟೈರಿನ ಮೇಲೆ ಕಂಡ ಮಿತಿಯನ್ನು ನಿಮ್ಮ ಮಿತಿ ಅಂತ ಬರೆದಿಟ್ಟುಕೊಳ್ಳುವುದು ಯಾಕೆ? ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮಾತಾಡುತ್ತಾ ಹೋದರೆ ಅದೇ ಎಂಟು ಗಂಟೆ ಹತ್ತಾಗುತ್ತದೆ.

ತರ್ಲೆಪೆಡಲ್

ಯಾರ ಜೊತೆ ಅನ್ನುವುದರ ಮೇಲೆ ಅವಲಂಬಿತ. ತಮ್ಮ ಹೃದಯ ಬಡಿತದ ಅಂಕಿ ಓದಿ ಹೇಳುವವರ ಜೊತೆ ಎಂಟು ಗಂಟೆ ನಾಲ್ಕಾಗುತ್ತದೆ.

ಹೊಸಬೆಲ್

ನನಗೊಂದು ಪ್ರಶ್ನೆ. ಅರ್ಧದಲ್ಲಿ ಬಿಟ್ಟು ಬರುವುದು ಯಾವಾಗ ಸರಿ, ಯಾವಾಗ ಸೋಮಾರಿತನ? ಮೈ ಬೇಡ ಅಂದಾಗಲೆಲ್ಲ ಬಿಟ್ಟರೆ ನಾನು ಗೇಟ್ ಕೂಡ ದಾಟುವುದಿಲ್ಲ.

ರಾತ್ರಿದೀಪ

ನಾನು ಪಾಲಿಸುವುದು ಹೀಗೆ. ಕೂತು ತಿನ್ನದೆ ಬಿಡುವ ತೀರ್ಮಾನ ಮಾಡುವುದಿಲ್ಲ. ಏರು ಹತ್ತುವಾಗ ಮಾಡುವುದಿಲ್ಲ. ತಿಂದು, ಅರ್ಧ ಗಂಟೆ ತುಳಿದ ಮೇಲೂ ಬೇಡ ಅನ್ನಿಸಿದರೆ, ಬಿಟ್ಟರೆ ತಪ್ಪಿಲ್ಲ. ಇವಕ್ಕೆಲ್ಲ ಕಾಯಬಾರದ ಸಂದರ್ಭಗಳೂ ಇವೆ: ಎದೆನೋವು, ಕಣ್ಣು ಮಂಜಾಗುವುದು, ನೇರ ಹೋಗಲು ಆಗದಷ್ಟು ತೂಕಡಿಕೆ, ಬಿಸಿಲಲ್ಲಿ ಬೆವರು ನಿಂತು ಮಾತು ತಡವರಿಸುವುದು, ಬ್ರೇಕ್ ಹಿಡಿಯಲಾಗದಷ್ಟು ಕೈ ಮರಗಟ್ಟುವುದು. ಅಲ್ಲಿ ತಕ್ಷಣ ಇಳಿಯಬೇಕು.

ಬ್ರೇಕ್ ವಿಷಯ ನಿಧಾನಸವಾರರಿಗೂ ಹೇಳುತ್ತಿದ್ದೇನೆ. ಅಂಗೈಯಿಂದ ಗೇರು ತಳ್ಳುತ್ತಿದ್ದವರು ಇಳಿಜಾರಿನಲ್ಲಿ ಬ್ರೇಕ್ ಹೇಗೆ ಹಿಡಿದಿರಿ ಅಂತ ಓದುವಾಗಲೇ ಎದೆ ಧಸಕ್ ಅಂತು.

ನಿಧಾನಸವಾರ

ತೋರುಬೆರಳು, ನಡುಬೆರಳು ಸರಿಯಾಗಿದ್ದವು ಮೇಡಂ, ಹಿಡಿತವಿತ್ತು. ಆದರೂ ಮಾತು ಒಪ್ಪಿದೆ.

400ಕ್ಕೆ ಹೆಸರು ಕೊಡುತ್ತಿಲ್ಲ. ಚೈನೆಣ್ಣೆಯವರ ಮಾತಿಗೆ ಒಂದು 200ರ ಬ್ರೆವೆಗೆ ಹೋಗುತ್ತೇನೆ, ಹದಿಮೂರೂವರೆ ಗಂಟೆ ಕೊಡುತ್ತಾರೆ, ಸಾಕು. ಅದು ಹಿಡಿಸಿದರೆ ಮುಂದಿನ ಸಲವೂ 200ಕ್ಕೇ. ತರ್ಲೆಯವರು ಸಾಕ್ಷಿ. ರಾತ್ರಿದೀಪ ಮೇಡಂ ಹೇಳಿದ ನಾಲ್ಕು ದಿನದ ಸವಾರಿಗೆ ಮನೆಯಲ್ಲಿ ಮಾತಾಡಬೇಕು, ಅದು ಗಾಳಿಗಿಂತ ಕಷ್ಟ. ಯಾರಾದರೂ ಜೊತೆಗೆ ಬರುತ್ತೀರಾ? ನನ್ನ ವೇಗಕ್ಕೆ ಒಗ್ಗುವವರು ಮಾತ್ರ, ಕೆರೆ ಕಂಡರೆ ನಿಲ್ಲುತ್ತೇನೆ.

ತರ್ಲೆಪೆಡಲ್

ಬರುತ್ತೇನೆ. ಗಾಳಿ ಎದುರಾದರೆ ಮುಂದೆ ನೀವು.

ಹೊಸಬೆಲ್

ದಿನಕ್ಕೆ 100 ಅಂದರೆ ನನಗೆ ಇನ್ನೂ ಜಾಸ್ತಿ. 70ರಂತೆ ಆರು ದಿನ ಮಾಡಿದರೆ ನಾನೂ ಬರಬಹುದಾ?

ನಿಧಾನಸವಾರ

ಆರು ದಿನ ರಜಾ ಸಿಕ್ಕರೆ ಖಂಡಿತ. ಶೂ ಪಟ್ಟಿ ಸಡಿಲ ಮಾಡಿ ನೋಡಿದಿರಾ, ಪಾದದ ಉರಿ ಏನಾಯಿತು?

ಹೊಸಬೆಲ್

ಪಟ್ಟಿ ಸಡಿಲ ಮಾಡಿದ ಮೇಲೆ ಎಡಗಾಲು ಪೂರ್ತಿ ಸರಿ. ಬಲಗಾಲು ಇನ್ನೂ ಸ್ವಲ್ಪ ಉರಿಯುತ್ತದೆ. ಕ್ಲೀಟ್ ಎಷ್ಟು ಹಿಂದಕ್ಕೆ ಸರಿಸಬೇಕು, ಚೈನೆಣ್ಣೆ ಸರ್?

ಚೈನೆಣ್ಣೆ

ಒಂದು ಸಲಕ್ಕೆ ಎರಡು ಮೂರು ಮಿ.ಮೀ. ಸಾಕು. ಹಳೆಯ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಂಡು ಸರಿಸಿ, ಒಂದು ಸವಾರಿ ಮಾಡಿ ನೋಡಿ. ಹಿಂದಕ್ಕೆ ಸರಿಸಿದ ಮೇಲೆ ಸೀಟು ಒಂದೆರಡು ಮಿ.ಮೀ. ಇಳಿಸಬೇಕಾಗಬಹುದು.